ಹೊಕ್ಕುಳಲ್ಲಿ ಶುರುವಾಗಿ ಬಲಕ್ಕೆ ಇಳಿಯುವ ನೋವು

ಪ್ರಶ್ನೆ: ಹೋದ ತಿಂಗಳು ನನ್ನ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಮೊದಲ ದಿನ ಅವನು ಹೊಕ್ಕುಳ ಸುತ್ತಲೇ ನೋವು ಎನ್ನುತ್ತಿದ್ದ. ಬಟ್ಟಿ ಸರಿದಿದೆ ಎಂದು ಅಜ್ಜಿ ಹೊಟ್ಟೆ ನೀವಲು ಹೊರಟಿದ್ದರು. ಮಾರನೇ ದಿನ ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ಅಪೆಂಡಿಕ್ಸ್ ಇರುವುದೇ ಅಲ್ಲಿ ಅಂದಮೇಲೆ, ನೋವು ಹೊಕ್ಕುಳಲ್ಲಿ ಯಾಕೆ ಶುರುವಾಗುತ್ತದೆ?
— ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಎರಡೂ ದಿನ ಸರಿಯಾಗಿಯೇ ಹೇಳಿದ್ದಾನೆ. ಅಪೆಂಡಿಕ್ಸ್ ಈಗ ಇರುವ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಅದು ಹೇಗೆಂದು ತಿಳಿಯಲು ತಾಯಿಯ ಹೊಟ್ಟೆಯೊಳಗಿನ ಮೊದಲ ವಾರಗಳಿಗೆ ಹೋಗಬೇಕು.

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣವೆಂದರೆ ಮೂರು ಪದರಗಳ ಒಂದು ಚಪ್ಪಟೆ ಬಿಲ್ಲೆ. ನಾಲ್ಕನೇ ವಾರ ಅದರ ಅಂಚುಗಳು ನಾಲ್ಕೂ ಕಡೆಯಿಂದ ಕೆಳಗೆ ಬಾಗಿ ಒಂದನ್ನೊಂದು ಸೇರುತ್ತವೆ. ಅಡಿಯ ಪದರ ಒಳಗೆ ಸಿಕ್ಕಿ ಕೊಳವೆಯಾಗುತ್ತದೆ. ಅದೇ ಮುಂದೆ ನಮ್ಮ ಅನ್ನನಾಳ, ಜಠರ, ಕರುಳು. ಆಗ ಅದರ ಎರಡು ತುದಿಗಳೂ ತೆಳುಪೊರೆಯಿಂದ ಮುಚ್ಚಿರುತ್ತವೆ. ಬಾಯಿಯ ಕಡೆಯ ಪೊರೆ ನಾಲ್ಕನೇ ವಾರದಲ್ಲೇ ಹರಿಯುತ್ತದೆ, ಕೆಳತುದಿಯದು ಏಳನೇ ವಾರದ ಹೊತ್ತಿಗೆ.

ಈ ಕೊಳವೆಗೆ ಮೂರು ಭಾಗ, ಒಂದೊಂದಕ್ಕೂ ಒಂದೊಂದು ರಕ್ತನಾಳ. ಸಣ್ಣ ಕರುಳಿನ ಬಹುಪಾಲು, ಅಪೆಂಡಿಕ್ಸ್, ದೊಡ್ಡ ಕರುಳಿನ ಮೊದಲರ್ಧ, ಇವೆಲ್ಲ ನಡುಭಾಗದ ಮಕ್ಕಳು. ನಡುಭಾಗ ಹುಟ್ಟುವುದು ಮೈಯ ಮಧ್ಯರೇಖೆಯಲ್ಲಿ, ಹೊಕ್ಕುಳಿಗೆ ಎದುರಾಗಿ. ಅಪೆಂಡಿಕ್ಸಿನ ನೋವು ಒಯ್ಯುವ ನರಗಳು ಆ ರಕ್ತನಾಳದ ಜೊತೆಗೇ ಸಾಗಿ, ಬೆನ್ನುಹುರಿಯಲ್ಲಿ ಎದೆಭಾಗದ 10ನೇ ಮಟ್ಟವನ್ನು ಸೇರುತ್ತವೆ. ಹೊಕ್ಕುಳ ಸುತ್ತಲಿನ ಚರ್ಮದ ನರ ಬರುವುದೂ ಅದೇ ಮಟ್ಟಕ್ಕೆ. ಈ ಮಾತು ನೆನಪಿನಲ್ಲಿರಲಿ.

ಆರನೇ ವಾರಕ್ಕೆ ಜಾಗದ ತಾಪತ್ರಯ ಶುರು. ಇಡೀ ಭ್ರೂಣವೇ ಸುಮಾರು ಒಂದು ಸೆಂಟಿಮೀಟರ್. ಹೊಟ್ಟೆಯ ತುಂಬ ಯಕೃತ್ತು. ಕರುಳೋ ಭರದಿಂದ ಉದ್ದವಾಗುತ್ತಿದೆ. ಒಳಗೆ ಹಿಡಿಸದೆ ಅದು ಹೊಕ್ಕುಳಬಳ್ಳಿಯೊಳಕ್ಕೆ ಹೊರಬರುತ್ತದೆ! ಹತ್ತನೇ ವಾರದವರೆಗೆ ಅಲ್ಲೇ ಬೆಳೆದು, ಹೊಟ್ಟೆ ದೊಡ್ಡದಾದ ಮೇಲೆ ಒಳಗೆ ಮರಳುತ್ತದೆ. ಹೋಗುವಾಗ ರಕ್ತನಾಳವನ್ನೇ ಅಚ್ಚು ಮಾಡಿಕೊಂಡು ಗಡಿಯಾರಕ್ಕೆ ಎದುರಾಗಿ 90 ಡಿಗ್ರಿ ತಿರುಗುತ್ತದೆ, ಬರುವಾಗ ಇನ್ನೂ 180. ಸಣ್ಣ ಕರುಳು ಮೊದಲು ಬಂದು ಎಡಗಡೆ ಜಾಗ ಹಿಡಿಯುತ್ತದೆ. ಅಪೆಂಡಿಕ್ಸ್ ತೂಗುವ ದೊಡ್ಡ ಕರುಳಿನ ಮೊದಲ ಚೀಲ ಎಲ್ಲಕ್ಕಿಂತ ಕೊನೆಗೆ ಬಂದು, ಯಕೃತ್ತಿನ ಕೆಳಗೆ ನಿಂತು, ನಿಧಾನವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ.

ಕರುಳಿಗೆ ಅಷ್ಟೊಂದು ಸುರುಳಿ ಹೇಗೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ದರ್ಜಿ ಲಂಗದ ಸೊಂಟಕ್ಕೆ ಇಲಾಸ್ಟಿಕ್ ಹೊಲಿಯುವುದನ್ನು ನೋಡಿದ್ದೀರಾ? ಪಟ್ಟಿಯನ್ನು ಎಳೆದು ಹಿಡಿದು ಬಟ್ಟೆಗೆ ಹೊಲಿಗೆ ಹಾಕಿ ಕೈಬಿಟ್ಟರೆ ಬಟ್ಟೆ ತಾನಾಗಿ ಒಂದೇ ಅಳತೆಯ ನೆರಿಗೆಯಾಗುತ್ತದೆ. ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಟ್ಟ ತೆಳುಪೊರೆ ಆ ಇಲಾಸ್ಟಿಕ್ ಇದ್ದಂತೆ. ಅದು ನಿಧಾನ ಬೆಳೆಯುತ್ತದೆ, ಕರುಳು ಬೇಗ. ಹಾರ್ವರ್ಡ್‌ನಲ್ಲಿ ಎಲ್. ಮಹದೇವನ್ ಮತ್ತು ಕ್ಲಿಫರ್ಡ್ ಟಾಬಿನ್ ಅವರ ತಂಡ 2011ರಲ್ಲಿ ಕೋಳಿಯ ಭ್ರೂಣದಲ್ಲಿ ಇದನ್ನು ತೋರಿಸಿತು. ಪೊರೆಯನ್ನು ಬಿಡಿಸಿದರೆ ಕರುಳು ನೇರವಾಯಿತು. ರಬ್ಬರ್ ಕೊಳವೆಯನ್ನು ಎಳೆದ ರಬ್ಬರ್ ಹಾಳೆಗೆ ಹೊಲಿದು ಬಿಟ್ಟಾಗ ಕರುಳಿನಂಥದೇ ಸುರುಳಿಗಳು ಮೂಡಿದವು.

ಈಗ ನಿಮ್ಮ ಪ್ರಶ್ನೆ. ಅಪೆಂಡಿಕ್ಸ್ ಮನೆ ಬದಲಾಯಿಸಿತು, ನರದ ವಿಳಾಸ ಹಳೆಯದೇ ಉಳಿಯಿತು. ಅದು ಊದಿಕೊಳ್ಳಲು ಶುರುವಾದಾಗ ಸುದ್ದಿ 10ನೇ ಮಟ್ಟಕ್ಕೆ ಹೋಗುತ್ತದೆ, ಮಿದುಳು ಅದನ್ನು ಹೊಕ್ಕುಳಿನ ನೋವೆಂದು ತಿಳಿಯುತ್ತದೆ. ಗಂಟೆಗಳು ಕಳೆದು ಊತ ಹೆಚ್ಚಿ, ಹೊಟ್ಟೆಗೋಡೆಯ ಒಳಪೊರೆಗೆ ಉರಿ ತಗುಲುತ್ತದೆ. ಆ ಪೊರೆಯ ನರಗಳು ಮೈಗೋಡೆಯವು, ಬೆರಳಿಟ್ಟಂತೆ ಜಾಗ ತೋರಿಸಬಲ್ಲವು. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ವಿವರಿಸಿದ, ಬಲಗಡೆ ಕೆಳಹೊಟ್ಟೆಯ ಆ ಜಾಗವನ್ನೇ ಡಾಕ್ಟರು ಇಂದಿಗೂ ಒತ್ತಿ ನೋಡುವುದು.

ಗರ್ಭದಲ್ಲಿ ಕರುಳಿನ ಈ ತಿರುಗಾಟ ಕೆಲವು ಮಕ್ಕಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಆಗ ಕರುಳು ಸರಿಯಾಗಿ ನೆಲೆ ಕಾಣದೆ, ತನ್ನ ರಕ್ತನಾಳದ ಸುತ್ತಲೇ ಹುರಿಗೊಂಡು ರಕ್ತ ನಿಂತುಹೋಗಬಹುದು. ಹಸುಗೂಸು ಹಸಿರು ಬಣ್ಣದ ವಾಂತಿ ಮಾಡಿಕೊಂಡರೆ ಮನೆಮದ್ದಿಗೆ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಅಜ್ಜಿಗೂ ಒಂದು ಮಾತು ತಿಳಿಸಿ. ಅವರ ಕಾಳಜಿ ದೊಡ್ಡದು, ಆದರೆ ಇಂಥ ನೋವಿನಲ್ಲಿ ಹೊಟ್ಟೆ ನೀವುವುದು ಬೇಡ, ಊದಿದ ಅಪೆಂಡಿಕ್ಸ್ ಒಡೆದೀತು. ಮಗು ಹೊಕ್ಕುಳ ನೋವು ಅಂದರೆ ಕೆಲವು ಗಂಟೆ ಬಿಟ್ಟು ಮತ್ತೆ ಕೇಳಿ: ‘ಈಗ ಎಲ್ಲಿ?’ ಕೈ ಬಲಗಡೆ ಕೆಳಕ್ಕೆ ಹೋದರೆ ತಡಮಾಡದೆ ಡಾಕ್ಟರ ಬಳಿ ಹೊರಡಿ.