ಜಂಟಿ ಹೆಸರಿನ ಮನೆ ಯಾರ ಪಾಲಿಗೆ?

ನಂದಿನಿ ಲೇಔಟಿನಲ್ಲಿ ನಾವು ಮೂವತ್ತು-ನಲವತ್ತರ ಸೈಟಿನ ಹಳೇ ಮನೆ ಕೊಂಡಾಗ, ಕ್ರಯಪತ್ರದ ಕರಡು ಬರೆಯುತ್ತಿದ್ದ ವಕೀಲರು ಕೇಳಿದರು: "ಇಬ್ಬರ ಹೆಸರಿಗೆ ಸರಿ. ಯಾರದು ಎಷ್ಟು ಪಾಲು?" ನನಗೆ ಇರುಸುಮುರುಸು. ಹೆಂಡತಿಗೆ ಅಂಥದ್ದೇನಿರಲಿಲ್ಲ. "ನನ್ನ ಪಿಎಫ್ ದುಡ್ಡೂ ಸೇರಿದೆಯಲ್ಲ, ಬರೀರಿ ಸಾರ್" ಎಂದಳು. 60:40 ಎಂದು ಬರೆಸಿದೆವು. ಪತ್ರದಲ್ಲಿ ಪಾಲು ಕಾಣಿಸದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಅವರವರು ಹಾಕಿದ ಹಣದಷ್ಟು ಪಾಲು. ಅದಕ್ಕೂ ಪುರಾವೆಯಿಲ್ಲದಿದ್ದರೆ ಸಮಪಾಲು.

ಬ್ಯಾಂಕಿನ ಜಂಟಿ ಅಕೌಂಟಿನಂತೆ, ಒಬ್ಬರು ಹೋದರೆ ಮನೆ ಪೂರ್ತಿ ಉಳಿದವರದು ಎಂದೇ ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಅವಿಭಕ್ತ ಕುಟುಂಬದ ಆಸ್ತಿ ಬಿಟ್ಟರೆ ಹಿಂದೂ ಕಾನೂನಿನಲ್ಲಿ ಅಂಥ ಪದ್ಧತಿ ಇಲ್ಲವೆಂದು ಪ್ರಿವಿ ಕೌನ್ಸಿಲ್ 1896ರಲ್ಲೇ ಹೇಳಿತ್ತು.

ನಮ್ಮ ಪರಿಚಯದ ಹೆಣ್ಣುಮಗಳೊಬ್ಬರಿಗೆ ಇದು ಗೊತ್ತಾದದ್ದು ಗಂಡ ತೀರಿಕೊಂಡ ಮೇಲೆ, ಮನೆ ಮಾರಲು ಹೊರಟಾಗ. ವಿಲ್ ಇರಲಿಲ್ಲ. ಅರ್ಧ ಅವರದೇ. ಗಂಡನ ಅರ್ಧ ಮಾತ್ರ ಹೆಂಡತಿ, ಇಬ್ಬರು ಮಕ್ಕಳು ಮತ್ತು ಊರಲ್ಲಿದ್ದ ಅತ್ತೆ, ಹೀಗೆ ನಾಲ್ಕು ಪಾಲಾಯಿತು. ತಲಾ ಎಂಟರಲ್ಲಿ ಒಂದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ಸಾಲಿನಲ್ಲಿ ತಾಯಿಗೆ ಜಾಗವಿದೆ, ತಂದೆಗಿಲ್ಲ! ಅತ್ತೆಯಿಂದ ಹಕ್ಕು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಬೇಕಾಯಿತು. ಕಿರಿಯ ಮಗ ಇನ್ನೂ ಮೈನರ್, ಅವನ ಪಾಲು ಮಾರಲು ಕೋರ್ಟಿನ ಅನುಮತಿ ಬೇಕು. "ಖಾತೆ ನನ್ನ ಹೆಸರಿಗೇ ಇದೆಯಲ್ಲ" ಎಂದು ಆಕೆ ಕೇಳಿದ್ದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ತಿಳಿದಿರುತ್ತಾರೆ. ಖಾತೆ ಕಂದಾಯ ಕಟ್ಟುವವರು ಯಾರೆಂಬ ದಾಖಲೆ, ಅಷ್ಟೇ. ಈಗ ಮಾರಾಟಕ್ಕೆ ಇ-ಖಾತೆ ಕಡ್ಡಾಯವಾದರೂ ಒಡೆತನ ನಿಂತಿರುವುದು ಕ್ರಯಪತ್ರದ ಮೇಲೆ.

ಹೆಂಡತಿ ಮೊದಲು ಹೋದರೆ ಲೆಕ್ಕವೇ ಬೇರೆ. ಅವಳ ಸ್ವಂತ ದುಡಿಮೆಯ ಪಾಲು ಗಂಡ-ಮಕ್ಕಳಿಗೆ. ಅವರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ; ಹೆತ್ತವರ ಸರದಿ ಅದರ ನಂತರ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಅದಕ್ಕೇ ಇಬ್ಬರೂ ವಿಲ್ ಬರೆದಿಟ್ಟಿದ್ದೇವೆ. ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳ ರುಜು ಸಾಕು, ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಆದರೂ ತಂಟೆ ಬೇಡವೆಂದು ಮಾಡಿಸಿದೆವು. ತನ್ನ 40ರಲ್ಲಿ ಒಂದಷ್ಟನ್ನು ಅವಳು ತನ್ನ ಅಮ್ಮನಿಗೆ ಬರೆದಿದ್ದಾಳೆ. ಎಷ್ಟೆಂದು ನಾನು ಕೇಳಿಲ್ಲ.