ಕಾವ್ಯವೆಂಬ ಸ್ಮಾರಕಶಿಲೆ

ನಮ್ಮ ವರ್ತಕ ನಗರದಿಂದ ಟೆಂಭಿ ನಾಕಾ ಬಹು ದೂರವೇನೂ ಅಲ್ಲ. ಠಾಣೆಯ ರೈಲು ನಿಲ್ದಾಣಕ್ಕೆ ಹೋಗುವಾಗ ನಮ್ಮಲ್ಲಿ ಹಲವರು ಆ ದಾರಿಯನ್ನು ಎಷ್ಟೋ ಸಲ ಹಾದಿರುವೆವು. ಅಲ್ಲಿ, ಪೇಟೆಯ ಗದ್ದಲದ ನಡುವೆ, ಒಂದು ಹಳೆಯ ಪ್ರಾರ್ಥನಾಮಂದಿರವಿದೆ. ಅದು ಯೆಹೂದ್ಯರ ಸಿನೆಗಾಗ್. 1879ರಲ್ಲಿ ಕಟ್ಟಲ್ಪಟ್ಟ ಆ ಮಂದಿರದ ಹೆಸರು ‘ಶಾರ್ ಹಾಶಮಾಯಿಮ್’. ಹೀಬ್ರೂ ಭಾಷೆಯಲ್ಲಿ ‘ಸ್ವರ್ಗದ ಬಾಗಿಲು’ ಎಂದು ಅದರ ಅರ್ಥ.

ಅಲ್ಲಿ ಪ್ರಾರ್ಥಿಸುವವರು ಬೆನೆ ಇಸ್ರಾಯೇಲ್ ಎಂಬ ಸಮುದಾಯದವರು. ಬಹು ಹಿಂದೆ ಅಲಿಬಾಗಿನ ಸಮೀಪದ ನವಗಾಂವ್ ಎಂಬಲ್ಲಿ ಹಡಗೊಡೆದು ದಡ ಸೇರಿದವರೇ ತಮ್ಮ ಮೂಲಪುರುಷರೆಂದು ಅವರ ಐತಿಹ್ಯ ಹೇಳುತ್ತದೆ. ಕೊಂಕಣದ ಹಳ್ಳಿಗಳಲ್ಲಿ ಗಾಣವಾಡಿಸಿ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಅವರ ಧರ್ಮದಂತೆ ವಿಶ್ರಾಂತಿಯ ದಿನ. ಅಂದು ಅವರ ಗಾಣ ತಿರುಗುತ್ತಿರಲಿಲ್ಲ. ಅದನ್ನು ಕಂಡ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಅವರ ಮನೆಮಾತು ಮರಾಠಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ಮಹಾರಾಷ್ಟ್ರದ ಕೀರ್ತನಪದ್ಧತಿಯನ್ನೇ ಕೈಕೊಂಡು ತಮ್ಮ ಪೂರ್ವಿಕರ ಕಥೆಗಳನ್ನು ಮರಾಠಿಯಲ್ಲಿ ಹಾಡಿದರು. ನೆನಪನ್ನು ಹಾಡಿನಲ್ಲಿ ಕಾಪಾಡುವ ಕಲೆ ಈ ನೆರೆಯವರಿಗೆ ಹೊಸದಲ್ಲ.

ಇಲ್ಲಿ ಯಾರೂ ಅವರ ಮತವನ್ನು ಕೇಳಿ ಬಾಗಿಲು ಬಡಿಯಲಿಲ್ಲ. ಮಕ್ಕಳನ್ನು ಶಾಲೆಯಿಂದ ಹೊರದೂಡಲಿಲ್ಲ. ಆದರೆ ಅದೇ ದೇವರನ್ನು ಅದೇ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ಯೂರೋಪಿನ ಯೆಹೂದ್ಯರಿಗೆ ಒದಗಿದ ಗತಿ ಬೇರೆ. ಅದನ್ನು ನಾವು ತಿಳಿಯಬೇಕು. ಕವಿಗಳು ಅದನ್ನು ಹೇಗೆ ನೆನಪಿನಲ್ಲಿ ಉಳಿಸಿದರೆಂಬುದನ್ನೂ ತಿಳಿಯಬೇಕು.

ನಡೆದುದೇನು?

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರನೂ ಅವನ ನಾಝಿ ಪಕ್ಷವೂ ಅಧಿಕಾರಕ್ಕೆ ಬಂದರು. ದೇಶದ ಎಲ್ಲ ಕಷ್ಟಗಳಿಗೂ ಯೆಹೂದ್ಯರೇ ಕಾರಣರೆಂಬ ಸುಳ್ಳನ್ನು ಅವರು ಬಿತ್ತಿದರು. ಮೊದಲು ನೌಕರಿ ಹೋಯಿತು. 1935ರ ಕಾನೂನುಗಳಿಂದ ಪೌರತ್ವ ಹೋಯಿತು. 1938ರ ನವೆಂಬರಿನಲ್ಲಿ ಪ್ರಾರ್ಥನಾಮಂದಿರಗಳು ಉರಿದವು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಜನರನ್ನು ಗೋಡೆಯೊಳಗಿನ ಕೇರಿಗಳಲ್ಲಿ ಕೂಡಿಹಾಕಿದರು. ಆಮೇಲೆ ಗುಂಡಿಟ್ಟೂ, ರೈಲಿನಲ್ಲಿ ತುಂಬಿ ಒಯ್ದು ವಿಷವಾಯುವಿನಿಂದಲೂ ಕೊಂದರು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 60 ಲಕ್ಷ ಯೆಹೂದ್ಯರು ಹತರಾಗಿದ್ದರು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ರೋಮಾ ಜನರೂ, ಅಂಗವಿಕಲರೂ, ಇತರ ಲಕ್ಷಾಂತರ ಮಂದಿಯೂ ಆ ಕ್ರೌರ್ಯಕ್ಕೆ ಬಲಿಯಾದರು.

ಇಂತಹ ಪಾತಕಕ್ಕೆ ಅದುವರೆಗೆ ಹೆಸರೇ ಇರಲಿಲ್ಲ. ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯೆಹೂದ್ಯ ನ್ಯಾಯವಾದಿಯು 1944ರಲ್ಲಿ ಅದಕ್ಕೊಂದು ಹೊಸ ಪದವನ್ನು ಕಟ್ಟಿದನು. ಅದನ್ನೇ ನಾವು ಕನ್ನಡದಲ್ಲಿ ಜನಾಂಗಹತ್ಯೆ ಅಥವಾ ನರಮೇಧ ಎನ್ನುತ್ತೇವೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ಅಪರಾಧವೆಂದು ಸಾರುವ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 1959ರಲ್ಲಿ ಅದನ್ನು ಸ್ಥಿರೀಕರಿಸಿತು.

ಕಲ್ಲು ನಿಲ್ಲಿಸಿದ ನಾಡು

ಈಗ ನಮ್ಮ ನಾಡಿನತ್ತ ಒಮ್ಮೆ ತಿರುಗೋಣ. ಕನ್ನಡನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಕಾಯುತ್ತ ಮಡಿದವನಿಗೂ ಊರನ್ನು ಉಳಿಸಲು ಹೋರಾಡಿ ಬಿದ್ದವನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಅದರ ಮೇಲೆ ಅವನ ಹೆಸರನ್ನು ಕೆತ್ತಿಸಿದರು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕಪ್ಪೆ ಅರಭಟ್ಟನೆಂಬವನ ಗುಣಗಳನ್ನು ತ್ರಿಪದಿಯಲ್ಲಿ ಕೊರೆಯಲಾಯಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 949ರ ಒಂದು ಶಿಲೆ ದೊರೆತಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲದು. ಆ ನಾಯಿಯ ಹೆಸರು ಕಾಳಿ. ಸಾವಿರಕ್ಕೂ ಮಿಕ್ಕಿದ ವರ್ಷಗಳು ಸಂದರೂ ಆ ಹೆಸರನ್ನು ನಾವು ಇಂದು ಓದಬಲ್ಲೆವು.

ಒಂದು ನಾಯಿಗೂ ಹೆಸರುಳಿಸಿದ ನಾಡಿನ ಮಕ್ಕಳಾದ ನಮಗೆ 60 ಲಕ್ಷ ಜನ ಗೋರಿಯೇ ಇಲ್ಲದೆ ಹೋದರೆಂಬ ಮಾತು ಹೇಗೆ ಕೇಳಿಸಬೇಕು? ಕೊಂದವರು ದೇಹಗಳನ್ನು ಸುಟ್ಟು ಬೂದಿಮಾಡಿದರು, ಕಾಗದಪತ್ರಗಳನ್ನೂ ಸುಟ್ಟರು. ಹೆಸರೂ ಉಳಿಯಬಾರದೆಂಬುದೇ ಅವರ ಎಣಿಕೆ. ಅಂತಹ ಸಮಯದಲ್ಲಿ ಕಲ್ಲು ಮಾಡಬೇಕಾದ ಕೆಲಸವನ್ನು ಕಾಗದದ ಚೂರುಗಳ ಮೇಲೆ ಬರೆದ ಕವಿತೆಗಳು ಮಾಡಿದವು.

ಮಣ್ಣಿನಡಿ ದೊರೆತ ಕವಿತೆಗಳು

ಇತ್ಸಾಕ್ ಕಾಟ್ಸೆನೆಲ್ಸನ್ ಎಂಬವನು ಪೋಲೆಂಡಿನ ವೂಜ್ ನಗರದಲ್ಲಿ ಶಾಲೆ ನಡೆಸುತ್ತಿದ್ದ ಉಪಾಧ್ಯಾಯ. ಮಕ್ಕಳಿಗಾಗಿ ಹಾಡುಗಳನ್ನು ಬರೆದ ಕವಿ. 1942ರಲ್ಲಿ ಅವನ ಹೆಂಡತಿಯನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ವಾರ್ಸಾದಿಂದ ಒಯ್ದು ಟ್ರೆಬ್ಲಿಂಕದಲ್ಲಿ ಕೊಂದರು. ಅವನನ್ನೂ ಉಳಿದ ಮಗನನ್ನೂ ಫ್ರಾನ್ಸಿನ ವಿತೆಲ್ ಶಿಬಿರದಲ್ಲಿ ಸೆರೆಯಿಟ್ಟರು. ಅಲ್ಲಿ 1943ರ ಅಕ್ಟೋಬರಿನಿಂದ 1944ರ ಜನವರಿಯವರೆಗೆ ಅವನು ಯಿಡ್ಡಿಷ್ ಭಾಷೆಯಲ್ಲಿ 15 ಸರ್ಗಗಳ ಒಂದು ದೀರ್ಘಕಾವ್ಯವನ್ನು ಬರೆದನು. ಕೊಲೆಯಾದ ತನ್ನ ಜನವೇ ಅದರ ವಸ್ತು. ಬರೆದುದನ್ನು ಸೀಸೆಗಳಲ್ಲಿ ತುಂಬಿ ಮರದ ಬುಡದಲ್ಲಿ ಹೂಳಲಾಯಿತು. ಕೆಲವು ತಿಂಗಳಲ್ಲೇ ತಂದೆಮಕ್ಕಳಿಬ್ಬರನ್ನೂ ಆಶ್ವಿಟ್ಸಿಗೆ ಒಯ್ದು ಕೊಂದರು. ಸೀಸೆಗಳು ಮಾತ್ರ ಹಾಗೆಯೇ ಉಳಿದು, ಶಿಬಿರ ಬಿಡುಗಡೆಯಾದ ಬಳಿಕ ಹೊರಬಂದವು.

ಹಂಗೆರಿಯ ಮಿಕ್ಲೋಶ್ ರಾಡ್ನೋಟಿಯ ಕಥೆಯೂ ಹೀಗೆಯೇ. ಗಣಿಯೂರಿನ ಬಿಟ್ಟಿದುಡಿಮೆಯ ಶಿಬಿರದಲ್ಲೂ, ಅಲ್ಲಿಂದ ಸೈನಿಕರು ನೂಕಿ ನಡೆಸಿದ ದಾರಿಯಲ್ಲೂ ಅವನು ಒಂದು ಪುಟ್ಟ ಪುಸ್ತಕದಲ್ಲಿ ಕವಿತೆ ಬರೆಯುತ್ತಲೇ ಇದ್ದನು. 1944ರ ನವೆಂಬರಿನಲ್ಲಿ, ನಡೆಯಲಾರದಾದ ಅವನನ್ನೂ ಇತರರನ್ನೂ ಅಬ್ದಾ ಎಂಬ ಹಳ್ಳಿಯ ಬಳಿ ಗುಂಡಿಟ್ಟು ಕೊಂದು ಒಂದೇ ಗುಂಡಿಯಲ್ಲಿ ಹೂತರು. 1946ರಲ್ಲಿ ಆ ಗುಂಡಿಯನ್ನು ಅಗೆದಾಗ ಅವನ ಅಂಗಿಯ ಜೇಬಿನಲ್ಲಿ ಆ ಪುಸ್ತಕ ದೊರೆಯಿತು. ಇದು ಒಬ್ಬ ಕವಿಯ ಬರೆಹ, ದಯವಿಟ್ಟು ತಲುಪಿಸಿರಿ ಎಂಬರ್ಥದ ಕೋರಿಕೆಯನ್ನು ಅವನು ಮೊದಲ ಪುಟದಲ್ಲೇ ಐದು ಭಾಷೆಗಳಲ್ಲಿ ಬರೆದಿಟ್ಟಿದ್ದನು. ತಾನು ಉಳಿಯುವೆನೆಂಬ ಆಸೆ ಅವನಿಗಿರಲಿಲ್ಲ. ಓದುವವನೊಬ್ಬನು ಮುಂದೆ ಸಿಕ್ಕಿಯಾನೆಂಬ ನಂಬಿಕೆಯಿತ್ತು.

ಒಂದೇ ಪ್ರತಿಯ ಪತ್ರಿಕೆ

ಇನ್ನು ನಿಮ್ಮ ವಯಸ್ಸಿನವರ ಮಾತು. ಪ್ರಾಗ್ ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ತೆರೆಜಿನ್ ಎಂಬ ಕೋಟೆಯೂರಿದೆ. 1941ರಲ್ಲಿ ನಾಝಿಗಳು ಅದನ್ನು ಯೆಹೂದ್ಯರ ಸೆರೆಯೂರನ್ನಾಗಿ ಮಾಡಿದರು. ಅಲ್ಲಿ ಸುಮಾರು 33,000 ಜನ ಹಸಿವು ರೋಗಗಳಿಂದ ಸತ್ತರು. ಸುಮಾರು 88,000 ಜನರನ್ನು ಪೂರ್ವದ ಮರಣಶಿಬಿರಗಳಿಗೆ ಸಾಗಿಸಿದರು.

ಆ ಊರಿನ ಒಂದು ಹಳೆಯ ಶಾಲಾಕಟ್ಟಡವನ್ನು ಹುಡುಗರ ವಸತಿಯಾಗಿ ಮಾಡಿದ್ದರು. ಅದರ ಒಂದನೆಯ ಕೋಣೆಯ ಹುಡುಗರು, ತಮ್ಮ ಉಪಾಧ್ಯಾಯರಾದ ವಾಲ್ಟರ್ ಐಸಿಂಗರ್ ಅವರ ಪ್ರೇರಣೆಯಿಂದ, 1942ರ ಡಿಸೆಂಬರಿನಲ್ಲಿ ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು ‘ವೆದೆಮ್’. ಚೆಕ್ ಭಾಷೆಯಲ್ಲಿ ‘ನಾವು ಮುಂದೆ ನಡೆಸುತ್ತೇವೆ’ ಎಂದರ್ಥ. ಸಂಪಾದಕನಾದ ಪೆತ್ರ್ ಗಿಂಜ್‌ಗೆ ಆಗ ಹದಿನಾಲ್ಕು ವರ್ಷ. ಅಚ್ಚುಯಂತ್ರವಿಲ್ಲ, ಕಾಗದವೂ ದುರ್ಲಭ. ಆದುದರಿಂದ ಪ್ರತಿ ಸಂಚಿಕೆಗೂ ಒಂದೇ ಪ್ರತಿ. ಶುಕ್ರವಾರ ಸಂಜೆ ಎಲ್ಲರೂ ಕೂಡಿದಾಗ ಬರೆದವರೇ ನಿಂತು ಓದುತ್ತಿದ್ದರು. ಲೇಖನಗಳು ಸಾಲದಿದ್ದ ವಾರ ಪೆತ್ರನೇ ಬೇರೆ ಬೇರೆ ಹೆಸರುಗಳಲ್ಲಿ ಪುಟ ತುಂಬಿಸುತ್ತಿದ್ದನು. ಸಂಪಾದಕರ ಈ ಕಷ್ಟ ನಮ್ಮ ವಾರ್ಷಿಕ ಸಂಚಿಕೆಯ ಬಳಗಕ್ಕೂ ಅಪರಿಚಿತವಲ್ಲ!

ಆ ಪುಟಗಳಲ್ಲಿ ಕವಿತೆಯಿತ್ತು, ಹಾಸ್ಯವಿತ್ತು, ಊರಿನ ಮೂಲೆಮೂಲೆಯ ವರದಿಯಿತ್ತು. ಹಾನುಷ್ ಹಾಖೆನ್‌ಬುರ್ಕ್ ಎಂಬ ಹುಡುಗನ ಕವಿತೆಗಳು ಅಲ್ಲಿ ಎಲ್ಲರ ಮೆಚ್ಚುಗೆ ಪಡೆದವು. ಅವನು ಹುಟ್ಟಿದ್ದು 1929ರಲ್ಲಿ. ಆಶ್ವಿಟ್ಸಿನಲ್ಲಿ ಕೊಲೆಯಾದದ್ದು 1944ರಲ್ಲಿ. ಪೆತ್ರನನ್ನೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಗೇ ಒಯ್ದು ಕೊಂದರು. ಊರಿನಲ್ಲಿ ಉಳಿದ ಜ್ದೆನೆಕ್ ತಾವುಸಿಗ್ ಎಂಬ ಹುಡುಗನು ಸುಮಾರು 800 ಪುಟಗಳ ಆ ಕಟ್ಟನ್ನು ಅಡಗಿಸಿಟ್ಟು, ಬಿಡುಗಡೆಯಾದಾಗ ಜೊತೆಯಲ್ಲಿ ಒಯ್ದನು. ಅದರಿಂದಲೇ ಅದು ಇಂದು ಜಗತ್ತಿಗೆ ಉಳಿದಿದೆ.

ಪೆತ್ರನು ಚಿತ್ರಗಳನ್ನೂ ಬರೆಯುತ್ತಿದ್ದನು. ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡಿದರೆ ಹೇಗೆ ಕಾಣುವುದೆಂದು ಊಹಿಸಿ ಬರೆದ ಚಿತ್ರವೊಂದು ಅವುಗಳಲ್ಲಿ ಪ್ರಸಿದ್ಧವಾಗಿದೆ. ಇಸ್ರೇಲಿನ ಪ್ರಥಮ ಗಗನಯಾತ್ರಿ ಇಲಾನ್ ರಾಮೋನ್ 2003ರಲ್ಲಿ ಅದರ ಒಂದು ಪ್ರತಿಯನ್ನು ಕೊಲಂಬಿಯಾ ನೌಕೆಯಲ್ಲಿ ಕೊಂಡೊಯ್ದರು. ಅವರ ತಾಯಿ ಆಶ್ವಿಟ್ಸಿನಿಂದ ಬದುಕಿಬಂದವರು. ಆ ನೌಕೆಯಲ್ಲಿ ನಮ್ಮ ಕರ್ನಾಲದ ಮಗಳು ಕಲ್ಪನಾ ಚಾವ್ಲಾ ಕೂಡ ಇದ್ದರೆಂಬುದನ್ನು ನೀವು ಬಲ್ಲಿರಿ. ಫೆಬ್ರುವರಿ 1ರಂದು ನೌಕೆ ಮರಳುವಾಗ ಒಡೆದು ಏಳು ಮಂದಿಯೂ ಅಸುನೀಗಿದರು. ಪೆತ್ರನು ಬದುಕಿದ್ದರೆ ಅಂದು ಅವನಿಗೆ 75 ವರ್ಷ ತುಂಬುತ್ತಿತ್ತು.

ಕವಿತೆ ಬರೆಯಬಹುದೆ?

ಇಷ್ಟು ಘೋರವಾದುದನ್ನು ಕುರಿತು ಕವಿತೆ ಬರೆಯುವುದು ಸರಿಯೇ ಎಂಬ ಪ್ರಶ್ನೆ ಎದ್ದುದುಂಟು. ಕವಿತೆಗೆ ಚೆಲುವು ಬೇಕು, ನರಮೇಧದಲ್ಲಿ ಚೆಲುವೆಲ್ಲಿ? ಜರ್ಮನಿಯ ತತ್ತ್ವಜ್ಞ ಥಿಯೊಡೋರ್ ಅಡೋರ್ನೊ, ಆಶ್ವಿಟ್ಸ್ ಆದ ಮೇಲೆ ಕವಿತೆ ಬರೆಯುವುದೇ ಅನಾಗರಿಕವೆಂದು 1951ರಲ್ಲಿ ಪ್ರಕಟವಾದ ಲೇಖನದಲ್ಲಿ ನುಡಿದನು. 1966ರಲ್ಲಿ ಅವನೇ ತನ್ನ ಮಾತನ್ನು ಸಡಿಲಿಸಿ, ನೋವುಂಡವರಿಗೆ ದನಿಯೆತ್ತುವ ಹಕ್ಕುಂಟೆಂದು ಒಪ್ಪಿದನು. ಅದೇ ವರ್ಷ ನೆಲ್ಲಿ ಸಾಕ್ಸ್ ಎಂಬ ಕವಯಿತ್ರಿಗೆ ನೊಬೆಲ್ ಪಾರಿತೋಷಕ ದೊರೆತುದು ಗಮನಾರ್ಹ. ಬರ್ಲಿನ್ನಿನಲ್ಲಿ ಹುಟ್ಟಿದ ಆಕೆ 1940ರಲ್ಲಿ ತಾಯಿಯೊಡನೆ ಸ್ವೀಡನ್ನಿಗೆ ಪಾರಾಗಿ, ಉಳಿದ ಬಾಳನ್ನೆಲ್ಲ ಮಡಿದವರ ನೆನಪಿನ ಕವಿತೆಗಳಿಗೆ ಮೀಸಲಿಟ್ಟಳು.

ಪೌಲ್ ಸೆಲಾನನ ಪಾಡು ಇನ್ನೂ ಕಠಿಣ. ಅವನ ತಂದೆತಾಯಿಗಳಿಬ್ಬರೂ ಶಿಬಿರದಲ್ಲಿ ಮಡಿದರು. ತಾಯಿ ಅವನಿಗೆ ಪ್ರೀತಿಯಿಂದ ಕಲಿಸಿದ ನುಡಿ ಜರ್ಮನ್. ಆಕೆಯನ್ನು ಕೊಂದವರ ನುಡಿಯೂ ಅದೇ. ಅವನು ಆ ನುಡಿಯನ್ನು ಬಿಡಲಿಲ್ಲ. ‘ಮರಣದ ಫ್ಯೂಗ್’ ಎಂಬ ಅವನ ಕವಿತೆ ಹೆಸರಾಗಿದೆ. ಫ್ಯೂಗ್ ಎಂಬುದು ಪಾಶ್ಚಾತ್ಯ ಸಂಗೀತದ ಒಂದು ರಚನೆ: ಒಂದು ಕಂಠ ಎತ್ತಿದ ಸೊಲ್ಲನ್ನು ಇನ್ನೊಂದು ಕಂಠ ಹಿಡಿಯುತ್ತದೆ, ಮತ್ತೊಂದು ಮುಂದುವರಿಸುತ್ತದೆ. ಆ ಕ್ರಮವನ್ನು ಅನುಸರಿಸಿದ ಕವಿತೆಯಲ್ಲಿ ಮಾತುಗಳು ಮರಳಿ ಮರಳಿ ಬಂದು, ಸೆರೆಯಾಳಿನ ದಿನಗಳಂತೆ, ಓದುವವನನ್ನು ಹೊರಗೆ ಬಿಡುವುದಿಲ್ಲ. ನುಡಿಯಲ್ಲಿ ದೋಷವಿಲ್ಲ, ಅದನ್ನು ಆಡುವವರಲ್ಲಿ ದೋಷವೆಂಬುದನ್ನು ಅವನ ಬರೆಹ ತೋರಿತು.

ಚರಿತ್ರೆ ನಮಗೆ ಲೆಕ್ಕವನ್ನು ಕೊಡುತ್ತದೆ; ಅದು ಅವಶ್ಯವಾಗಿ ಬೇಕು. ಆದರೆ 60 ಲಕ್ಷವೆಂದಾಗ ನಮ್ಮ ಮನಸ್ಸು ಬೆದರಿ ನಿಂತುಬಿಡುತ್ತದೆ. ಒಂದು ಕವಿತೆಯನ್ನು ಓದಿದಾಗ ಒಬ್ಬನ ದನಿ ಕೇಳುತ್ತದೆ. ಒಬ್ಬನಿಗಾಗಿ ಮರುಗಬಲ್ಲವನು ಮಾತ್ರ ಲಕ್ಷಕ್ಕಾಗಿ ಮರುಗಬಲ್ಲನು.

ನಮಗೇನು?

ಇದು ದೂರದ ಖಂಡದ ಹಳೆಯ ಕಥೆ, ನಮಗೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2006ರಲ್ಲಿ, ನಮ್ಮ ನೆರೆಯ ನವಿ ಮುಂಬಯಿಯ ಖಾರ್ಘರ್‌ನಲ್ಲಿ, ಹೊಸದಾಗಿ ತೆರೆದ ಒಂದು ಉಪಾಹಾರಗೃಹಕ್ಕೆ ಹಿಟ್ಲರನ ಹೆಸರನ್ನಿಟ್ಟು ಅವನ ಚಿತ್ರವನ್ನೂ ತೂಗುಹಾಕಿದ್ದರು. ಜನರನ್ನು ಸೆಳೆಯುವುದೇ ಅದರ ಉದ್ದೇಶವಾಗಿತ್ತು. ಇಲ್ಲಿಯ ಯೆಹೂದ್ಯರು ನೊಂದು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಹೆಸರು ಬದಲಾಯಿತು. ಇಟ್ಟವರಲ್ಲಿ ದ್ವೇಷಕ್ಕಿಂತ ಅರಿವಿನ ಕೊರತೆಯೇ ಹೆಚ್ಚಾಗಿದ್ದೀತು. ನಾವೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಶಿಸ್ತಿನ ಉಪಾಧ್ಯಾಯರಿಗೆ ಆ ಹೆಸರನ್ನಿಟ್ಟು ನಗುವ ವಾಡಿಕೆ ಎಷ್ಟು ಶಾಲೆಗಳಲ್ಲಿಲ್ಲ? ಮರೆವು ಹಗುರವಾದ ನಗುವಿನಿಂದಲೇ ಮೊದಲಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಮರಾಠಿ ಮಾತಿನ ಈ ಊರಿನಲ್ಲಿ ಕನ್ನಡವನ್ನು ಓದುತ್ತಿರುವ ನಾವು ಸಂಖ್ಯೆಯಲ್ಲಿ ಸ್ವಲ್ಪವೇ ಮಂದಿ. ನೆರೆಯವರ ಸೌಜನ್ಯದಲ್ಲಿ ನಮ್ಮ ಬದುಕು ನೆಮ್ಮದಿಯಾಗಿ ಸಾಗಿದೆ. ಅದೇ ಸೌಜನ್ಯದಲ್ಲಿ ಶನಿವಾರದ ಗಾಣಿಗರೂ ಈ ತೀರದಲ್ಲಿ ಶತಮಾನಗಳ ಕಾಲ ಬಾಳಿದರು. ಅದನ್ನು ಕೆಡದಂತೆ ಕಾಯುವುದು ನಮ್ಮ ಪಾಲಿನ ಕೆಲಸವೂ ಹೌದು. 1947ರ ವಿಭಜನೆಯ ಕಾಲದಲ್ಲಿ ನಮ್ಮ ದೇಶದಲ್ಲೇ ನೆರೆಯವನು ನೆರೆಯವನ ಮೇಲೆ ಕೈಯೆತ್ತಿದುದನ್ನು ನಾವು ಮರೆಯಲಾಗದು. ಆದುದರಿಂದ ಈ ನೆನಪು ಯಾವ ಜನಾಂಗದ ಮೇಲಿನ ದ್ವೇಷಕ್ಕೂ ಬಳಕೆಯಾಗದಿರಲಿ.

ಆಶ್ವಿಟ್ಸ್ ಬಿಡುಗಡೆಯಾದ ಜನವರಿ 27ನ್ನು ವಿಶ್ವಸಂಸ್ಥೆ 2005ರಲ್ಲಿ ಸ್ಮರಣದಿನವೆಂದು ಗೊತ್ತುಮಾಡಿತು. ಅದು ನಮ್ಮ ಗಣರಾಜ್ಯೋತ್ಸವದ ಮರುದಿನ. ಧ್ವಜವಂದನೆ ಮಾಡಿದ ಮರುದಿನ ಪ್ರಾರ್ಥನೆಯ ವೇಳೆ ಎರಡು ನಿಮಿಷ ಮೌನವಾಗಿ ನಿಂತು, ತೆರೆಜಿನ್ನಿನ ಒಬ್ಬ ಹುಡುಗನ ಹೆಸರನ್ನು ಓದಿದರೆ ಸಾಕು. ಆತಕೂರಿನ ಕಲ್ಲು ಮಾಡಿದ ಕೆಲಸವನ್ನು ನಾವೂ ಕಿಂಚಿತ್ತು ಮಾಡಿದಂತಾಗುವುದು.

ಅಭ್ಯಾಸಕ್ಕಾಗಿ

1. ನಿಮ್ಮ ಮೂಲ ಊರಿನಲ್ಲಿ ವೀರಗಲ್ಲು ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿರಿ. ಅದು ಯಾರ ನೆನಪಿನದೆಂದು ಬರೆಯಿರಿ.

2. ಹೆಸರು ಉಳಿಯದೆ ಹೋದ ಒಬ್ಬರನ್ನು ನೆನೆದು ಎಂಟು ಸಾಲುಗಳ ಪದ್ಯ ರಚಿಸಿರಿ. ಅಳುವಿನ ಮಾತುಗಳನ್ನು ತುಂಬಬೇಡಿರಿ. ಅವರು ಬಳಸುತ್ತಿದ್ದ ಒಂದು ವಸ್ತುವನ್ನು ಹೇಳಿದರೆ ಸಾಕು.

3. ಬರೆದುದನ್ನು ತರಗತಿಯಲ್ಲಿ, ಶುಕ್ರವಾರ ಸಂಜೆ, ನೀವೇ ನಿಂತು ಓದಿರಿ.

ನಮ್ಮ ಈ ಸಂಚಿಕೆ ನೂರಾರು ಪ್ರತಿಗಳಾಗಿ ಅಚ್ಚಾಗುತ್ತದೆ. ಪ್ರತಿಯೊಬ್ಬರ ಮನೆಗೂ ತಲುಪುತ್ತದೆ. ‘ವೆದೆಮ್’ಗೆ ಇದ್ದುದು ಒಂದೇ ಪ್ರತಿ. ನಿಮ್ಮ ಹೆಸರನ್ನು ಈ ಪುಟಗಳಲ್ಲಿ ಕಂಡು ಹಿಗ್ಗುವಾಗ ಆ ಒಂದು ಪ್ರತಿಯ ನೆನಪು ನಿಮ್ಮೊಡನಿರಲಿ.