ಚಿತ್ರಕಾರ ರುಮಾಲೆ ಚನ್ನಬಸವಯ್ಯ

ಹೂ ತುಂಬಿ ನಿಂತ ಮರವನ್ನು ದಾರಿಹೋಕರೆಲ್ಲರೂ ನೋಡುತ್ತಾರೆ. ಆದರೆ ಅದರ ಮೇಲೆ ಮುಂಜಾನೆಯ ಬಿಸಿಲು ಮೂಡಿಸುವ ಬಣ್ಣ ಯಾವುದು, ಸಂಜೆಯ ಬೆಳಕು ಮೂಡಿಸುವ ಬಣ್ಣ ಯಾವುದು ಎಂದು ನಿಂತು ನೋಡುವವರು ವಿರಳ. ಅಂತಹ ವಿರಳರಲ್ಲಿ ರುಮಾಲೆ ಚನ್ನಬಸವಯ್ಯನವರು ಒಬ್ಬರು.

ಇವರು 1910ರಲ್ಲಿ ನೇಯ್ಗೆಗೆ ಹೆಸರಾದ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಚಿತ್ರಕಲೆಯತ್ತ ಒಲಿದ ಮನಸ್ಸು ಅವರನ್ನು ಬೆಂಗಳೂರಿನ ಕಲಾಮಂದಿರಕ್ಕೆ ಕರೆತಂದಿತು. ಅದು ಅ. ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ ಶಾಲೆ. ಮುಂದೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಅವರು ಅಭ್ಯಾಸ ಮಾಡಿದರು. ಅಂದಿನ ಕಲಾಶಿಕ್ಷಣದಲ್ಲಿ ಕೈಗೆ ರೇಖೆ ಪಳಗಬೇಕು, ಕಣ್ಣಿಗೆ ನೆರಳು-ಬೆಳಕಿನ ಅಂತರ ತಿಳಿಯಬೇಕು. ಅನಂತರವೇ ಬಣ್ಣದ ಪಾಠ.

ಆದರೆ ಕಾಲದ ಕರೆ ಬೇರೆಯಾಗಿತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ ತರುಣರನ್ನು ದೇಶಸೇವೆಗೆ ಅಣಿಗೊಳಿಸುತ್ತಿದ್ದರು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತಕ್ಕೂ ದೊಡ್ಡಬಳ್ಳಾಪುರ ಮೈಸೂರು ಸಂಸ್ಥಾನಕ್ಕೂ ಸೇರಿದ್ದವು. ಸೇವಾದಳದ ಕರೆಗೆ ಈ ಗಡಿ ಅಡ್ಡಬರಲಿಲ್ಲ. ಚನ್ನಬಸವಯ್ಯನವರು ಕುಂಚವನ್ನು ಕೆಳಗಿಟ್ಟು ಸ್ವಾತಂತ್ರ್ಯ ಸಂಗ್ರಾಮಕ್ಕೆ ಧುಮುಕಿದರು, ಸೆರೆವಾಸವನ್ನೂ ಅನುಭವಿಸಿದರು. ಸ್ವಾತಂತ್ರ್ಯಾನಂತರ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ದುಡಿದರು. ಹೀಗೆ ಕಲಾವಿದನ ಬಾಳಿನ ಅಮೂಲ್ಯ ವರ್ಷಗಳು ನಾಡಿಗೆ ಸಂದುಹೋದವು.

ಸುಮಾರು 1962ರ ವೇಳೆಗೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕುಂಚವನ್ನು ಹಿಡಿದರು. ಅಧಿಕಾರದ ಹಾದಿ ತೆರೆದಿರುವಾಗ ಅದನ್ನು ಬಿಟ್ಟು ಬಣ್ಣದ ಪೆಟ್ಟಿಗೆಯೊಡನೆ ಬಯಲಿಗೆ ನಡೆಯುವುದು ಸಾಮಾನ್ಯ ಸಂಗತಿಯಲ್ಲ.

ಅವರ ಕೃತಿಗಳಲ್ಲಿ ಇಂಪ್ರೆಷನಿಸಂ ಎಂಬ ಪಂಥದ ಚೆಲುವು ಎದ್ದು ಕಾಣುತ್ತದೆ. 1874ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಕ್ಲಾಡ್ ಮೊನೆಯ ಸೂರ್ಯೋದಯದ ಚಿತ್ರವನ್ನು ಕಂಡು ವಿಮರ್ಶಕನೊಬ್ಬನು ಹಾಸ್ಯಕ್ಕಾಗಿ ಬಳಸಿದ ಮಾತೇ ಈ ಪಂಥದ ಹೆಸರಾಯಿತು. ಈ ಚಿತ್ರಕಾರರು ಕೋಣೆಯನ್ನು ಬಿಟ್ಟು ಬಯಲಲ್ಲಿ ಕುಳಿತು ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಸೆರೆಹಿಡಿಯಲು ಯತ್ನಿಸಿದರು. ನೆರಳೆಂದರೆ ಬರಿಯ ಕಪ್ಪಲ್ಲ, ಅದರಲ್ಲಿ ನೀಲಿಯೂ ನೇರಳೆಯೂ ಉಂಟೆಂದು ತೋರಿಸಿದರು. ಬಣ್ಣಗಳನ್ನು ನಯವಾಗಿ ಬೆರೆಸದೆ ಬಿಡಿಬಿಡಿಯಾಗಿ ಹಚ್ಚಿದರು. ದೂರದಿಂದ ನೋಡುವ ಕಣ್ಣೇ ಅವನ್ನು ಕೂಡಿಸಿಕೊಳ್ಳುತ್ತದೆ.

ಚನ್ನಬಸವಯ್ಯನವರೂ ಸ್ಥಳದಲ್ಲಿಯೇ ಕುಳಿತು ತೈಲವರ್ಣ ಮತ್ತು ಜಲವರ್ಣಗಳಲ್ಲಿ ಚಿತ್ರಿಸಿದರು. ಆದರೆ ಅವರ ಬೆಳಕು ಪ್ಯಾರಿಸ್ಸಿನದಲ್ಲ, ನಮ್ಮ ನಾಡಿನದು. ಬೆಂಗಳೂರಿನ ಉದ್ಯಾನಗಳೂ ಹೂಮರಗಳೂ ಅವರ ಚಿತ್ರಪಟಗಳಲ್ಲಿ ಹಬ್ಬದ ಸಿರಿಯನ್ನು ತಳೆದವು. 1988ರಲ್ಲಿ ಅವರು ನಿಧನರಾದರು.

ರಸ್ತೆಗಳನ್ನು ಅಗಲಗೊಳಿಸಲು ಬೆಂಗಳೂರಿನ ಎಷ್ಟೋ ಮರಗಳನ್ನು ಅನಂತರ ಕಡಿಯಲಾಯಿತು. ಆದುದರಿಂದ ಈ ಚಿತ್ರಗಳು ಇಂದು ಕಣ್ಣಿಗೆ ಹಬ್ಬವಾಗಿರುವಂತೆ ಆ ನಗರದ ನೆನಪಿನ ಕಡತವೂ ಆಗಿವೆ. ನಾಡಿಗಾಗಿ ಕುಂಚವನ್ನು ತೊರೆದವರು, ಕಡೆಗೆ ಆ ಕುಂಚದಿಂದಲೇ ನಾಡಿನ ಚೆಲುವನ್ನು ಕಾಪಿಟ್ಟರು. ಹೋದ ವರ್ಷಗಳು ಅವರಿಗೆ ಮರಳಿ ಬರಲಿಲ್ಲ. ಉಳಿದ ವರ್ಷಗಳನ್ನು ಅವರು ವ್ಯರ್ಥಮಾಡಲಿಲ್ಲ.